ಅತ್ತಿ ಓಣಿಯಲ್ಲಿ ಅತ್ತಿ ಗಿಡ ಹುಡುಕಿದ್ದು

ಆ ವರ್ಷ ಜನಗಣತಿಯ ಮನೆಪಟ್ಟಿ ಮಾಡಲು ನನಗೆ ಸಿಕ್ಕಿದ್ದು ನಾನೇ ವಾಸವಿದ್ದ ಬಡಾವಣೆ, ಜಮಖಂಡಿಯ ಹೊರಗೆ, ಮುಧೋಳ ರಸ್ತೆಯ ಬದಿಗೆ. ಆಲಮಟ್ಟಿಯ ಹಿನ್ನೀರು ಏರತೊಡಗಿದ ಮೇಲೆ ಬೀಳಗಿ ಕಡೆಯ ಹೊಳೆದಂಡೆಯ ಊರುಗಳನ್ನು ಬಿಟ್ಟು ಬಂದವರು, ಬನಹಟ್ಟಿಯಿಂದ ಬಂದು ಸೀರೆ ಅಂಗಡಿ ಇಟ್ಟವರು, ನನ್ನಂತೆ ವರ್ಗವಾಗಿ ಬಂದ ಸಾಲಿ ಶಿಕ್ಷಕರು, ಹೀಗೆ ಎಲ್ಲರೂ ಸೇರಿ ಆದ ಊರು ಅದು. ಬೇಸಿಗೆ ರಜೆ. ಬೆಳಿಗ್ಗೆ ಏಳಕ್ಕೇ ಕೊಡೆ, ನೀರಿನ ಬಾಟಲಿ, ಫಾರ್ಮುಗಳ ಚೀಲ ಹಿಡಿದು ಹೊರಡುತ್ತಿದ್ದೆ.

ಮೊದಲ ದಿನವೇ ಒಂದು ತೊಡಕು. ನನಗೆ ಕೊಟ್ಟ ಹಳೆಯ ನಕ್ಷೆಯಲ್ಲಿ ಒಂದು ಓಣಿಯ ಮೇಲೆ ಯಾರೋ ಪೆನ್ಸಿಲ್ಲಿನಲ್ಲಿ ‘ಅತ್ತಿ ಓಣಿ’ ಎಂದು ಬರೆದಿದ್ದರು. ಅದೇ ಓಣಿಯ ಮೂಲೆಯಲ್ಲಿ ಬಡಾವಣೆಯ ಹಿರಿಯರು ಆ ವಾರವಷ್ಟೇ ನೆಟ್ಟ ಹೊಸ ಬೋರ್ಡಿನ ಮೇಲೆ ‘ಔದುಂಬರ ಮಾರ್ಗ’ ಎಂದಿತ್ತು. ಯಾವುದು ಬರೆಯಲಿ ಎಂದು ನಮ್ಮ ಮೇಲ್ವಿಚಾರಕರನ್ನು ಕೇಳಿದೆ. “ಯಾವುದರೆ ಒಂದು ಬರೀರಿ ಅಕ್ಕಾರ, ಮುಂದ ನಡೀರಿ” ಎಂದರು. ಅವರಿಗೆ ಎಣಿಕೆ ಮುಗಿದರೆ ಸಾಕಿತ್ತು. ನನಗೆ ಮಾತ್ರ ಮುಂದೆ ನಡೆಯಲು ಆಗಲಿಲ್ಲ.

ಬೋರ್ಡುಗಳಿಗೆ ಹೆಸರು ಆರಿಸಿದವರು ನಮ್ಮ ಎದುರು ಮನೆಯ ರಾಯರು. ಭೂಮಾಪನ ಇಲಾಖೆಯಲ್ಲಿ ಇಡೀ ಜನ್ಮ ಸರಪಳಿ ಎಳೆದು ನಿವೃತ್ತರಾದವರು. ಮನೆಯಲ್ಲಿ ಮರಾಠಿ, ಹೊರಗೆ ನಮ್ಮ ಕನ್ನಡ. ಅವರ ಕಟ್ಟೆಯ ಮೇಲೆ ಕುಳಿತು ಕೇಳಿದೆ.

“ಅತ್ತಿ ಅಂದ್ರ ಔದುಂಬರ ಅಲ್ಲೇನ್ರಿ ಅಕ್ಕಾರ? ದತ್ತಗುರುಗಳ ಗಿಡ. ಇಲ್ಲೆ ಎಲ್ಲರೆ ಒಂದು ದೊಡ್ಡ ಗಿಡ ಇದ್ದಿರಬೇಕು. ಬೋರ್ಡ್ ಹಾಕೂಮುಂದ ಶುದ್ಧ ಹೆಸರು ಇದ್ರ ಛಲೋ ಅನಿಸ್ತು.”

“ಗಿಡ ನೀವು ನೋಡಿದ್ರೇನ್ರಿ?”

“ನಾ ನೋಡಿಲ್ಲ. ಆದ್ರ ಹೆಸರು ಸುಮ್ಮನ ಬರೂದಿಲ್ಲ ನೋಡ್ರಿ.”

ಹೆಸರು ಸುಮ್ಮನೆ ಬರುವುದಿಲ್ಲ ಎಂಬುದು ನನಗೂ ಸರಿ ಅನ್ನಿಸಿತು. ಮರುದಿನದಿಂದ ಗೋಡೆ ಯಾವುದರದು, ಚಾವಣಿ ಯಾವುದರದು, ನೀರು ಎಲ್ಲಿಂದ ಎಂಬ ಸರ್ಕಾರದ ಪ್ರಶ್ನೆಗಳು ಮುಗಿದ ಮೇಲೆ ನನ್ನದೊಂದು ಪ್ರಶ್ನೆ ಸೇರಿಸಿದೆ: ಅತ್ತಿ ಗಿಡ ಎಲ್ಲಿತ್ತು?

ಚಹಾದ ಅಂಗಡಿಯವನು ಈಗ ಕರೆಂಟಿನ ಟಿ.ಸಿ. ಕಂಬ ಇರುವಲ್ಲಿ ಇತ್ತು ಎಂದು ಬೆರಳು ಮಾಡಿ ತೋರಿಸಿದ. ಸೀರೆ ಅಂಗಡಿಯವರು ರಸ್ತೆ ಅಗಲ ಮಾಡುವಾಗ ಕಡಿದರು ಎಂದರು. ಒಬ್ಬ ತಾಯಿ ಅದರ ಹಣ್ಣು ತಿಂದ ನೆನಪಿದೆ ಎಂದಳು. ಆಕೆ ಮದುವೆಯಾಗಿ ಸಾವಳಗಿಯಿಂದ ಬಂದು ಎರಡೇ ವರ್ಷವಾಗಿತ್ತು. ಗಿಡ ಹೀಗೆ ಮನೆಯಿಂದ ಮನೆಗೆ ಜಾಗ ಬದಲಿಸುತ್ತಾ ಹೋಯಿತು. ನೆರಳಲ್ಲಿ ಕೂತವರು ಮಾತ್ರ ಒಬ್ಬರೂ ಸಿಗಲಿಲ್ಲ.

ನಾಲ್ಕನೆಯ ದಿನ ಓಣಿಯ ತುದಿಯ ಮನೆಗೆ ಹೋದೆ. ಬಾಗಿಲಲ್ಲಿ ಎರಡು ಆಡು ಕಟ್ಟಿದ್ದರು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ಸೊಸೆ ಎಲ್ಲ ಪ್ರಶ್ನೆಗಳಿಗೂ ಚುರುಕಾಗಿ ಉತ್ತರ ಕೊಟ್ಟಳು. ಕಡೆಗೆ ಗಿಡದ ಮಾತು ಕೇಳಿದಾಗ ನನ್ನ ಮುಖ ನೋಡಿ ನಕ್ಕುಬಿಟ್ಟಳು.

“ಗಿಡಾ ಎಲ್ಲೀದ್ರಿ ಅಕ್ಕಾರ? ಅತ್ತಿ ಒಳಗ ಅದಾಳಲ್ಲ, ಶ್ಯಾವಿಗಿ ಹೊಸ್ಯಾಕತ್ತಾಳ. ಕರೀಲೇನು?”

ನನಗೆ ನಾಚಿಕೆಯಾಯಿತು. ಅಪ್ಪನ ತಂಗಿಯನ್ನು ಅತ್ತೆ ಎಂದು ಒಮ್ಮೆಯೂ ಕರೆಯದೆ, ಅತ್ತಿ ಅತ್ತಿ ಎಂದೇ ಬಾಯಿತುಂಬ ಕರೆಯುತ್ತ ಬೆಳೆದವಳು ನಾನು. ಆದರೂ ರಾಯರು ಗಿಡ ಎಂದರೆಂದು ಗಿಡವನ್ನೇ ಹುಡುಕುತ್ತ ಬಿಸಿಲಲ್ಲಿ ಅಲೆದಿದ್ದೆ.

ಹೊರಗೆ ಬಂದವರು ಅರವತ್ತು ದಾಟಿದ, ಎತ್ತರದ ಹೆಂಗಸು. ಹಣೆಗೆ ಬೀರದೇವರ ಭಂಡಾರದ ಅರಿಶಿನ. ಇಳಕಲ್ ಸೀರೆಯ ಸೆರಗಿಗೆ ಕೈ ಒರೆಸುತ್ತ ಕಟ್ಟೆಯ ಮೇಲೆ ಕುಳಿತರು. ಕೇಳಿದ್ದಕ್ಕೆಲ್ಲ ನಿಧಾನವಾಗಿ ಹೇಳಿದರು.

ಊರು ಮುಳುಗುತ್ತದೆ ಎಂದು ಗೊತ್ತಾದ ಮೇಲೂ ಅವರ ತಮ್ಮ ಹೊಳೆದಂಡೆ ಬಿಡಲು ಒಪ್ಪಲಿಲ್ಲವಂತೆ. ಕುರಿಗಳಿಗೆ ಮೇವು ಇರುವ ತನಕ ಇಲ್ಲೇ ಎಂದನಂತೆ. “ಅವನ ಕುರಿ ಅವಂಗ ಇರಲಿ, ಹುಡುಗರ ಸಾಲಿ ತಪ್ಪತೈತಿ ಅಂತ ನಾನ ಅವನ ಮೂರೂ ಹುಡುಗರನ್ನ ಕರಕೊಂಡು ಮೊದಲ ಬಂದ್ನಿ. ಆವಾಗ ಇಲ್ಲೆ ಬರೇ ಜಾಲಿ ಕಂಟಿ. ಒಂದು ತಗಡಿನ ಮನಿ ಹಾಕಿಸಿದ್ನಿ. ಮಕ್ಕಳು ನನಗ ಅತ್ತಿ ಅಂತಿದ್ರು. ಸಾಲ್ಯಾಗ ನಿಮ್ಮ ಮನಿ ಎಲ್ಲೈತಿ ಅಂದ್ರ, ಅತ್ತಿ ಮನ್ಯಾಗ ಇರ್ತೀವಿ ಅನ್ನೂವರು.”

ಆಮೇಲೆ ಊರವರು ಒಬ್ಬೊಬ್ಬರಾಗಿ ಬಂದರು. ತಂತಮ್ಮ ಮನೆಗೆ ತಗಡು ಏರುವವರೆಗೆ ಎಲ್ಲರೂ ಇಳಿದದ್ದು ಇವರ ಮನೆಯಲ್ಲೇ. ಬಸ್ ಸ್ಟ್ಯಾಂಡಿನಲ್ಲಿ ಆಟೋದವರಿಗೆ ಅವರು ಹೇಳುತ್ತಿದ್ದ ವಿಳಾಸ ಅಷ್ಟೇ: ಅತ್ತಿ ಮನಿ. ಕೆಲವು ತಿಂಗಳಲ್ಲಿ ಆಟೋದವರೇ “ಅತ್ತಿ ಓಣಿ, ಅತ್ತಿ ಓಣಿ” ಎಂದು ಕೂಗತೊಡಗಿದರು.

“ಈಗ ಬೋರ್ಡ್ ಹಾಕ್ಯಾರಂತಲ್ಲ, ಏನು ಬರದಾರವಾ?” ಎಂದು ಕೇಳಿದರು.

“ಔದುಂಬರ ಮಾರ್ಗ ಅಂತ.”

“ಹಂಗಂದ್ರ?”

“ಅತ್ತಿ ಗಿಡದ ಓಣಿ ಅಂದಂಗ್ರಿ.”

ಅವರು ಸೆರಗು ಬಾಯಿಗೆ ಹಿಡಿದುಕೊಂಡು ಮೈಯೆಲ್ಲ ಅಲುಗುವಂತೆ ನಕ್ಕರು. “ಏ ಶಿವನ, ನನ್ನ ಗಿಡಾನ ಮಾಡಿಬಿಟ್ರಲ್ಲ!”

ಸಂಜೆ ರಾಯರಿಗೆ ಹೇಳಿದೆ. ಅವರು ನಗಲಿಲ್ಲ. ಕನ್ನಡಕ ಒರೆಸಿಕೊಂಡು, “ನಾಳೆ ನಾನೂ ಬರತೇನಿ” ಎಂದರು. ಮರುದಿನ ನೋಟ್‌ಬುಕ್ಕು ಸಮೇತ ಅತ್ತಿಯ ಮನೆಗೆ ಬಂದರು. ಮೊದಲ ತಗಡು ಎಲ್ಲಿ ಬಿತ್ತು, ಎರಡನೆಯ ಮನೆ ಯಾರದು, ದಾರಿ ಮೊದಲು ಯಾವ ಕಡೆಯಿಂದ ಇತ್ತು ಎಂದು ಅಳತೆಗೆ ಬಂದವರಂತೆ ಕೇಳಿದರು. ಎಲ್ಲ ಬರೆದುಕೊಂಡ ಮೇಲೆ ಪುಸ್ತಕ ಮುಚ್ಚಿ, “ನಂದ ಚೂಕ ಆತ್ರಿ, ನಂದ ತಪ್ಪು” ಎಂದರು.

“ಇರಲಿ ಬಿಡ್ರಿ ರಾಯರ, ನನಗೇನು ಓದಾಕ ಬರತೈತಿ?” ಎಂದು ಅತ್ತಿ ಚಹಾ ತರಿಸಿದರು.

ಬೋರ್ಡು ಬದಲಿಸುವುದು ಎಂದಾಯಿತು. ಅಲ್ಲೂ ಒಂದು ಜಗಳ. ರಾಯರು ಚೀಟಿಯಲ್ಲಿ ‘ಅತ್ತೆ ಓಣಿ’ ಎಂದು ಬರೆದುಕೊಟ್ಟಿದ್ದರು. ರಬಕವಿಯಿಂದ ಬಂದ ಪೇಂಟರ್ ಏಣಿ ಹತ್ತಿ ಚೀಟಿ ಓದಿ ಅಲ್ಲೇ ನಿಂತುಬಿಟ್ಟ.

“ಅತ್ತೆ ಅಂತ ಇಲ್ಲೆ ಯಾರು ಅಂತಾರ್ರಿ?”

“ಬರವಣಿಗ್ಯಾಗ ಹಂಗ ಇರತೈತೋ. ಅದು ಶುದ್ಧ.”

“ಶುದ್ಧ ಖರೆ. ಆದ್ರ ನಾಳೆ ಮಂದಿ ಯಾರ ಅತ್ತೆ, ಎಲ್ಲಿ ಅತ್ತೆ ಅಂತ ಕೇಳ್ತಾರ. ನನ್ನ ಹೆಸರು ಕೆಡತೈತಿ.”

ಓಣಿಯ ಸೊಸೆಯಂದಿರು ಬಾಗಿಲಿಗೆ ಬಂದು ನಿಂತಿದ್ದರು. “ಅತ್ತೆ ಓಣಿ ಅಂದ್ರ ಇಲ್ಲಿಗೆ ಯಾರೂ ಹೆಣ್ಣು ಕೊಡಂಗಿಲ್ರಿ ರಾಯರ!” ಎಂದು ಒಬ್ಬಳು ಕೂಗಿದಳು. ರಾಯರು ಆಗ ನಕ್ಕರು. ಪೇಂಟರ್ ಕೈಗೆ ಬಂದಂತೆ ಬರೆದ: ಅತ್ತಿ ಓಣಿ. ನಾನೂ ಫಾರ್ಮಿನಲ್ಲಿ ಹಾಗೆಯೇ ಬರೆದೆ.

ಸುದ್ದಿ ಹೇಳಲು ಅತ್ತಿಯ ಮನೆಗೆ ಹೋದೆ. ಬೋರ್ಡಿನ ಸಂಗತಿ ಅವರಿಗೆ ಅಷ್ಟೇನೂ ಮುಖ್ಯ ಅನ್ನಿಸಿದಂತೆ ಕಾಣಲಿಲ್ಲ. ಬದಲಿಗೆ, “ನಮ್ಮೂರಾಗ ಬೋರ್ಡ್ ಇರಲಿಲ್ಲ, ಆದ್ರ ಎಲ್ಲಾ ಓಣಿಗೂ ಹೆಸರಿದ್ದುವು” ಎಂದು ಬೆರಳು ಮಡಚತೊಡಗಿದರು. ಸಣ್ಣ ಅಗಸಿ, ಕಂಬಾರ ಸಾಲು, ಗಿರಣಿ ಸಂದಿ, ಹೊಳಿ ದಾರಿ, ಕುಂಟ ಎಮ್ಮಿ ಸಂದಿ. ಕೈಯಲ್ಲಿ ಉಳಿದಿದ್ದ ಹಾಳೆಯ ಹಿಂದೆ ಬರೆದುಕೊಳ್ಳುತ್ತಿದ್ದ ನಾನು ತಲೆಯೆತ್ತಿದೆ.

“ಕುಂಟ ಎಮ್ಮಿ ಸಂದಿ ಅಂತ ಯಾಕ ಅಂತಿದ್ರಿ?”

“ನಾ ಹುಟ್ಟೂಕಿಂತ ಮೊದಲಿಂದ ಹಂಗ ಅಂತಿದ್ರು. ನಮ್ಮ ಮನಿ ಅದರಾಗ ಇತ್ತು. ಯಾಕಂತ ಯಾರಿಗೂ ಕೇಳಲೇ ಇಲ್ಲ ನೋಡವಾ.” ಒಂದು ಗಳಿಗೆ ಮುಖ ಸಣ್ಣದಾಯಿತು. ಆಮೇಲೆ ಒಳಗೆ ನೋಡಿ ಸೊಸೆಯನ್ನು ಕೂಗಿದರು. “ಮುಧೋಳದ ಕಾಕಾಗ ಫೋನ್ ಹಚ್ಚ.”

ಮುಳುಗಿದ ಊರಿನವರಲ್ಲಿ ಎಲ್ಲರಿಗಿಂತ ಹಿರಿಯ ಆ ಕಾಕಾನೇ ಅಂತೆ. ಆತನ ಧ್ವನಿ ಕಟ್ಟೆಯವರೆಗೂ ಕೇಳುತ್ತಿತ್ತು. “ಅದು ನಮ್ಮ ಮುತ್ಯಾನ ಎಮ್ಮಿ!”

“ನಿಮ್ಮ ಮುತ್ಯಾನ ಮನಿ ಅಗಸಿ ಬಾಗಲ ಕಡೆ ಇತ್ತಲ್ಲೋ ಕಾಕಾ, ಎಮ್ಮಿ ನಮ್ಮ ಸಂದಿಗಿ ಯಾಕ ಬರತಿತ್ತು?”

“ಕುಂಟಕೋತ ನೀರು ಕುಡ್ಯಾಕ ಬರತಿತ್ತು!”

“ಬಾವಿ ಆ ಕಡೀಗಿತ್ತು!”

ಜೋರು ಜೋರಾಗಿ ವಾದ ನಡೆಯಿತು. ಹೊತ್ತಾಯಿತೆಂದು ನಾನು ಚೀಲ ಹೆಗಲಿಗೇರಿಸಿದೆ. ಅವರು ಫೋನಿನ ಮೇಲೆ ಅಂಗೈ ಇಟ್ಟು ನನ್ನ ಕಡೆ ತಿರುಗಿದರು.

“ಕುಂಡ್ರವಾ ಅಕ್ಕಾರ. ಇಂವ ಸುಳ್ಳು ಹೇಳಾಕತ್ತಾನ. ಇನ್ನೂ ಇಬ್ಬರಿಗಿ ಕೇಳಬೇಕು.”