ಎಡಗಡೆ ಸ್ಟೀರಿಂಗಿನ ಮಿಲಿಟರಿ ಗಾಡಿ

ಮೊನ್ನೆ ಬಿಸಿಲು ಚೆನ್ನಾಗಿದೆಯಲ್ಲ ಎಂದು ಗಾಡಿಯ ಕ್ಯಾನ್ವಾಸ್ ಹೊದಿಕೆಯನ್ನು ಬಿಚ್ಚಿ ಕಾಫಿ ಕಣದಲ್ಲಿ ಹರಡಿದೆ. ಬಟ್ಟೆ ಕಾಯುತ್ತಿದ್ದಂತೆ ಅದರಿಂದ ವಾಸನೆ ಏಳತೊಡಗಿತು. ಡೀಸೆಲ್ಲು, ಹಳೇ ಮೇಣ, ಒಣಗಿದ ಕಾಫಿಹಣ್ಣಿನ ಸಿಪ್ಪೆ, ಯಾವತ್ತೋ ಚೆಲ್ಲಿದ ಮಜ್ಜಿಗೆ, ಎಲ್ಲ ಸೇರಿದ ವಾಸನೆ. ನೀವಾಗಿದ್ದರೆ ಮೂಗಿಗೆ ಸೆರಗು ಹಿಡಿಯುತ್ತಿದ್ದಿರೋ ಏನೋ. ನಾನು ಪೊರಕೆ ಕೈಯಲ್ಲಿ ಹಿಡಿದುಕೊಂಡೇ ಅದರ ಪಕ್ಕ ಕೂತುಬಿಟ್ಟೆ. ಒಳಗೆ ಒಲೆಯ ಮೇಲೆ ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ.

ನಮ್ಮದು ಮಾರನಹಳ್ಳಿಯಿಂದ ಒಳಗಿರುವ ಸಣ್ಣ ರೊಬಸ್ಟಾ ತೋಟ. ಎಸ್ಟೇಟ್ ಎಂದು ಕರೆದರೆ ನಮಗೇ ನಗು ಬರುತ್ತದೆ. ಲೆಕ್ಕ ಬರೆಯುವ ರೈಟರ್ ಇಲ್ಲ, ಆಳುಗಳಿಗೆ ಲೈನ್ ಮನೆಗಳಿಲ್ಲ. ಇರುವ ದೊಡ್ಡಸ್ತಿಕೆಯೆಂದರೆ ಈ ಗಾಡಿಯೊಂದೇ. ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆಂದು ಅಮೆರಿಕದಿಂದ ಹಡಗಿನಲ್ಲಿ ಬಂದ ಪಿಕಪ್ಪು. ಸೈನ್ಯ ಬೇಡವೆಂದು ಹರಾಜು ಹಾಕಿದ ಮೇಲೆ ಇಬ್ಬರು ಮೂವರ ಕೈ ದಾಟಿ ನಮ್ಮ ಮಾವನವರಿಗೆ ಸಿಕ್ಕಿತು. ಒಂದು ಕಾಲಕ್ಕೆ ಈ ಕಡೆಯ ಎಷ್ಟೋ ತೋಟಗಳಲ್ಲಿ ಇಂಥ ‘ಡಿಸ್ಪೋಸಲ್’ ಗಾಡಿಗಳಿದ್ದವು. ಈಗ ಹುಡುಕಿದರೆ ಒಂದೋ ಎರಡೋ ಇರಬೇಕು. ನಮ್ಮದರ ಎಂಜಿನ್ನೂ ಮೊದಲಿನದಲ್ಲ. ಪೆಟ್ರೋಲ್ ಕುಡಿಯುವುದು ತಾಳಲಾರದೆ ಅದನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸಿ ಎಷ್ಟೋ ವರ್ಷವಾಯಿತು. ಆದರೂ ಊರವರಿಗೆಲ್ಲ ಅದು ‘ಮಿಲ್ಟ್ರಿ’. “ಮಿಲ್ಟ್ರಿ ಬಂತು, ಎದ್ದೇಳ್ರೋ” ಎಂದರೆ ನಮ್ಮ ಮನೆಯವರು ಬಂದರು ಎಂದರ್ಥ.

ಅದರಲ್ಲಿ ಅಂಥದ್ದೇನಿದೆ ಎಂದು ನೀವು ಕೇಳಿದರೆ ನನ್ನ ಉತ್ತರ ಒಂದು, ನಮ್ಮ ಮನೆಯವರ ಉತ್ತರ ಇನ್ನೊಂದು. ಅವರು ಬಾನೆಟ್ ಎತ್ತಿ ತೋರಿಸುತ್ತಾರೆ. “ನೋಡಿ, ನಾಲ್ಕು ಸ್ಪ್ಯಾನರ್ ಇದ್ರೆ ಮುಗೀತು. ಒಳಗೆ ಏನೈತೆ ಅಂತ ಕಣ್ಣಿಗೆ ಕಾಣ್ತದೆ. ಈಗಿನ ಗಾಡಿ ಕೆಟ್ರೆ ಅದು ಕೆಟ್ಟೈತೆ ಅಂತ ಹೇಳಕ್ಕೂ ಕಂಪ್ಯೂಟರ್ ಬೇಕು ಮಾರಾಯ್ರೆ.” ಕೆಳಗಿನ ಗೇರಿಗೆ ಹಾಕಿದರೆ ಹತ್ತು ಮೂಟೆ ಗೊಬ್ಬರ ಹೊತ್ತು, ತುಂಬಿದ ಬಸುರಿಯ ಹಾಗೆ ಉಸಿರು ಬಿಡುತ್ತ, ಒಂದು ಸಲವೂ ಜಾರದೆ ಗುಡ್ಡ ಹತ್ತುತ್ತದೆ. ಮೂತಿಯ ಮುಂದೆ ಹಗ್ಗ ಸುತ್ತುವ ರಾಟೆಯೊಂದಿದೆ. ಕೆಸರಲ್ಲಿ ಹೂತ ಪಕ್ಕದ ತೋಟದ ಹೊಸ ಜೀಪುಗಳನ್ನೆಲ್ಲ ಅದು ಎಳೆದು ಹಾಕಿದೆ. ಎಳೆಸಿಕೊಂಡವರು ನಮ್ಮವರನ್ನು ಮನೆಗೆ ಕರೆದು ಕೋಳಿಸಾರು ಬಡಿಸಬೇಕೆಂಬುದು ಹೇಗೋ ಒಂದು ರೂಢಿಯಾಗಿ, ಮಳೆಗಾಲದಲ್ಲಿ ಇವರ ತೂಕ ಏರುತ್ತಿತ್ತು.

ನನ್ನ ಲೆಕ್ಕ ಬೇರೆ. ಅದರ ಮಡ್‌ಗಾರ್ಡ್ ಮಣೆಯಂತೆ ಚಪ್ಪಟೆ. ಬುತ್ತಿ ಕ್ಯಾರಿಯರ್ ಇಟ್ಟು, ಎಲೆ ಹಾಸಿ, ನಿಂತುಕೊಂಡೇ ಊಟ ಬಡಿಸಬಹುದು. ಸೈನಿಕರು ಗುದ್ದಲಿ ಸಿಕ್ಕಿಸಲು ಮಾಡಿಸಿದ ಪಟ್ಟಿಯಲ್ಲಿ ನನ್ನ ಕೊಡೆ ಕೂರುತ್ತದೆ. ಕಡುಬಿನ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಎಂಜಿನ್ ಪಕ್ಕದ ಸಂದಿಯಲ್ಲಿಟ್ಟರೆ ಸಕಲೇಶಪುರ ಮುಟ್ಟುವವರೆಗೂ ಬಿಸಿ. ಒಮ್ಮೆ ಬಟ್ಟೆ ಸುತ್ತುವುದನ್ನು ಮರೆತು ಡಬ್ಬಿ ಅಲ್ಲೇ ಕಚ್ಚಿಕೊಂಡಿತ್ತು. ಮೆಕ್ಯಾನಿಕ್ ಅದನ್ನು ಬಿಡಿಸುತ್ತ, “ಇದು ಯಾವ ಪಾರ್ಟು ಗೌಡ್ರೇ?” ಎಂದು ಕೇಳಿದ್ದನ್ನು ಇವರು ಹೋದಲ್ಲೆಲ್ಲ ಹೇಳಿಕೊಂಡು ಬಂದರು.

ಇಷ್ಟೆಲ್ಲ ಹೇಳಿ ಮುಖ್ಯವಾದದ್ದನ್ನೇ ಬಿಟ್ಟೆ. ಅಮೆರಿಕದ ಗಾಡಿಯಾದ್ದರಿಂದ ಇದರ ಸ್ಟೀರಿಂಗ್ ಎಡಗಡೆಗಿದೆ. ಮದುವೆಯಾದ ಹೊಸದರಲ್ಲಿ ಎಲ್ಲ ಕಾರುಗಳಂತೆ ಎಂದುಕೊಂಡು ರೇಷ್ಮೆ ಸೀರೆಯುಟ್ಟು ಎಡಗಡೆ ಹತ್ತಿ ಕೂತಿದ್ದೆ. ಇವರು ಕೆಳಗೆ ನಿಂತು, “ಅಲ್ಲಿ ನಾನು ಕೂರ್ಬೇಕು ಮಾರಾಯ್ತಿ. ಇಲ್ಲ ನೀನೇ ಓಡುಸ್ತೀಯ?” ಎಂದರು. ಅಂಗಳದಲ್ಲಿದ್ದ ನೆಂಟರೆಲ್ಲ ನಕ್ಕರು. ಇಳಿದು ಸುತ್ತಿ ಬಂದು ಬಲಗಡೆ ಕೂತೆ. ಅಲ್ಲಿಗೆ ನನಗೊಂದು ಕೆಲಸವೂ ಗಂಟುಬಿತ್ತು.

ಎಡಗಡೆ ಕೂತು ಓಡಿಸುವವರಿಗೆ ಮುಂದೆ ಲಾರಿ ಹೋಗುತ್ತಿದ್ದರೆ ಅದರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ದಾಟಿ ಹೋಗಬೇಕಾದರೆ ಬಲಗಡೆ ಕೂತವರು ಹೊರಗೆ ಬಾಗಿ, ಎದುರಿನಿಂದ ಏನಾದರೂ ಬರುತ್ತಿದೆಯೇ ಎಂದು ನೋಡಿ ಹೇಳಬೇಕು. ಶಿರಾಡಿ ಘಾಟಿ ಹತ್ತಿ ಬಂದ ಲಾರಿ, ಟ್ಯಾಂಕರುಗಳು ತುಂಬಿದ ನಮ್ಮ ರಸ್ತೆಯಲ್ಲಿ ಇದು ಸಣ್ಣ ಮಾತಲ್ಲ. “ರಸ್ತೆ ಖಾಲಿ ಇದ್ರೆ ‘ನಡೀಲಿ’ ಅನ್ನು. ಇಲ್ದಿದ್ರೆ ಸುಮ್ನಿರು. ಬೇರೆ ಏನೂ ಹೇಳ್ಬೇಡ” ಎಂದು ಇವರು ಮೊದಲ ದಿನವೇ ಕಲಿಸಿದ್ದರು. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದೆ. ಮನೆಯಲ್ಲಿ ಜಗಳವಾಡಿ ಹೊರಟ ದಿನ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಆ ದಿನ ನಾವು ಸಕಲೇಶಪುರಕ್ಕೆ ಯಾವುದಾದರೊಂದು ಲಾರಿಯ ಹಿಂದೆ ಹೊಗೆ ಕುಡಿಯುತ್ತಲೇ ತಲುಪಬೇಕು. ಜಗಳವಿಲ್ಲದ ದಿನವೂ ಎಷ್ಟೋ ಸಲ, ರಸ್ತೆ ಖಾಲಿಯಿದ್ದರೂ ಸುಮ್ಮನಿದ್ದದ್ದುಂಟು. ಭಯ. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ.

ಹೋದ ವರ್ಷ ಇವರು ಒಂದೇ ವಾರದಲ್ಲಿ ಎರಡು ಸಲ ಗೇಟಿನ ಕಂಬಕ್ಕೆ ಗಾಡಿ ಉಜ್ಜಿದರು. ತಮ್ಮ ಕಡೆಯದೇ ಕಂಬ, ಮೊಣಕೈಗೆ ತಾಗುವಷ್ಟು ಹತ್ತಿರದ್ದು. ಹಾಸನದ ಕಣ್ಣಿನ ಡಾಕ್ಟರು ಯಾವುದೋ ಯಂತ್ರದೊಳಗೆ ಮುಖ ಇಡಿಸಿ ನೋಡಿದರು. ನರ ಸೊರಗಿದೆ, ಪಕ್ಕದ ನೋಟ ಹೋಗಿದೆ, ನೇರ ನೋಟ ಉಳಿದಿದೆ, ಅದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಬೇಕು, ಗಾಡಿ ಮಾತ್ರ ಓಡಿಸಕೂಡದು ಎಂದರು. ಇವರು ಎರಡು ದಿನ ಬಿಟ್ಟು ಊಟಕ್ಕೆ ಕೂತಾಗ, “ಚಿಕ್ಕಮಗಳೂರು ಕಡೆಯೋರೊಬ್ರು ಹಳೇ ಮಿಲ್ಟ್ರಿ ಗಾಡಿ ಎಲ್ಲ ಸೇರ್ಸಿ ಇಟ್ಕೊಂಡವ್ರೆ. ಭಾನುವಾರ ಬಂದು ತಗಂಡು ಹೋಗ್ತಾರೆ” ಎಂದರು. ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವಷ್ಟೇ ದನಿಯಲ್ಲಿ.

“ನನ್ನನ್ನೊಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?”

“ಕೇಳಕ್ಕೇನೈತೆ? ಓಡ್ಸೋರಿಲ್ದ ಗಾಡಿ.”

“ನಾನಿಲ್ವೇನ್ರೀ?” ಲೈಸೆನ್ಸ್ ನನಗೂ ಇದೆ. ಕೊಯ್ಲಿನ ಕಾಲದಲ್ಲಿ ಕಾಫಿ ಹರಡಲು ಕಣ ಖಾಲಿಯಾಗಬೇಕಲ್ಲ, ದಿನಾ ಬೆಳಿಗ್ಗೆ ಗಾಡಿಯನ್ನು ಅಲ್ಲಿಂದ ಶೆಡ್ಡಿಗೆ ತರುವವಳು ನಾನೇ.

“ಕಣದಿಂದ ಶೆಡ್ಡಿಗೆ ತರೋದು ಓಡ್ಸೋದಾ?”

“ಹಾಗಾದ್ರೆ ನೀವು ಬಲಗಡೆ ಕೂತು ಹೇಳಿ. ರಸ್ತೆಗೂ ಇಳಿಸ್ತೀನಿ.”

ಇವರು ಕೈ ತೊಳೆದುಕೊಂಡು ಎದ್ದರು. “ಆ ಸೀಟಲ್ಲಿ ನಾನು ಕೂರಕಿಲ್ಲ” ಎಂದರು. ಮಾತು ಅಲ್ಲಿಗೆ ಮುಗಿಯಿತು. ಬಲಗಡೆ ಕೂರುವವರಿಲ್ಲದೆ ಆ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ. ಅಂದರೆ ಭಾನುವಾರ ಅದು ಹೊರಟಿತು ಎಂದೇ ಲೆಕ್ಕ.

ಅದೇ ವಾರ ನಾವು ತೋಟಕ್ಕೆ ಹೂವಿನ ನೀರು ಕೊಡುತ್ತಿದ್ದೆವು. ರೊಬಸ್ಟಾ ಗಿಡ ಮೊಗ್ಗು ಹಿಡಿದು ಕಾದು ಕೂತಿರುತ್ತದೆ. ಹಳ್ಳದಿಂದ ಪಂಪಿನಲ್ಲಿ ನೀರೆತ್ತಿ ಸ್ಪ್ರಿಂಕ್ಲರ್ ಹಾರಿಸಿ ಚೆನ್ನಾಗಿ ತೋಯಿಸಿದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬಿಳಿ. ಅರೆಬರೆ ತೋಯಿಸಿ ಬಿಟ್ಟರೋ, ಮೊಗ್ಗು ಕೆಂಪಾಗಿ ಸುಟ್ಟುಹೋಗುತ್ತದೆ, ವರ್ಷದ ಬೆಳೆಯೇ ಹೋದಂತೆ. ಅರ್ಧ ತೋಟ ಮುಗಿದಿತ್ತು. ಕೆಳಗಿನ ಪಟ್ಟಿಗೆ ನೀರು ಹಾರತೊಡಗಿ ಸ್ವಲ್ಪ ಹೊತ್ತಾಗಿತ್ತಷ್ಟೆ, ಪಂಪು ಕಿರುಚಿ ನಿಂತಿತು. ಸಕಲೇಶಪುರಕ್ಕೆ ಒಯ್ದೇ ರಿಪೇರಿಯಾಗಬೇಕು. ಎಲ್ಲರ ತೋಟದಲ್ಲೂ ಅದೇ ಕೆಲಸ, ಯಾರ ಪಿಕಪ್ಪಿಗೂ ಬಿಡುವಿಲ್ಲ. ಪಂಪನ್ನು ಮಿಲ್ಟ್ರಿಗೆ ಏರಿಸಿ, ತೋಟದ ಕೆಲಸಕ್ಕೆ ಬರುವ ಜಯಮ್ಮನನ್ನು ಬಲಗಡೆ ಕೂರಿಸಿಕೊಂಡು ನಾನೇ ಹೊರಟೆ. ಇವರು ಜಗಲಿಯ ಮೇಲೆ ನಿಂತು ನೋಡುತ್ತಿದ್ದರು.

ಜಯಮ್ಮನಿಗೆ ‘ನಡೀಲಿ’ಯ ಪಾಠವನ್ನು ಗೇಟಿನಲ್ಲೇ ಮಾಡಿದ್ದೆ. ಹೆದ್ದಾರಿಗೆ ಬಂದೊಡನೆ ಮುಂದೊಂದು ಟ್ಯಾಂಕರು, ಆಮೆಯ ನಡಿಗೆ. “ನೋಡು ಜಯಮ್ಮ” ಎಂದೆ. ಅವಳು ಸೊಂಟದವರೆಗೂ ಹೊರಗೆ ಬಾಗಿದಳು.

“ಬಸ್ ಬತ್ತಾ ಐತೆ ಅಮ್ಮಾರೆ. ಕೆಂಪ್ ಬಸ್ಸು. ಅಯ್ಯೋ, ಕಿಟ್ಕೀಲಿ ನಮ್ ಸೋದ್ರತ್ತೆ ಕೂತಂಗೈತೆ! ಅಲ್ಲ, ಅವ್ಳಲ್ಲ, ಅವ್ಳು ಇಷ್ಟು ದಪ್ಪ ಇಲ್ಲ.”

“ಬಸ್ ಹೋಯ್ತಲ್ಲ, ಈಗ?”

“ಈಗ ಏನೂ ಇಲ್ಲ. ಒಂದ್ ಮೋಟಾರ್ ಸೈಕಲ್ಲು, ಗಂಡ ಹೆಂಡ್ತಿ, ಮಧ್ಯ ಒಂದ್ ಮಗ. ಈಗ ಅದೂ ಹೋಯ್ತು. ನಡೀಲಿ. ಅಯ್ಯೋ ಬ್ಯಾಡ ಬ್ಯಾಡ, ಲಾರಿ ಬಂದ್ಬುಡ್ತು!”

ಹೀಗೆ ಟ್ಯಾಂಕರಿನ ಹಿಂದೆ ನಾವು, ನಮ್ಮ ಹಿಂದೆ ಹಾರ್ನು ಬಾರಿಸುವ ಸಾಲು. ಮೆಕ್ಯಾನಿಕ್ ಪಂಪನ್ನು ಇಳಿಸಿಕೊಂಡು ನಾಳೆ ಬನ್ನಿ ಎಂದ. ವಾಪಸ್ಸೂ ಹಾಗೆಯೇ ಬಂದೆವು. ಗೇಟಿನಲ್ಲಿ ಕಾಯುತ್ತಿದ್ದ ಇವರಿಗೆ ಜಯಮ್ಮ ಇಳಿಯುವ ಮೊದಲೇ ವರದಿ ಕೊಟ್ಟಳು. “ಅಮ್ಮಾರು ಚೆಂದಾಗೇ ಓಡ್ಸುದ್ರು ಗೌಡ್ರೇ. ಮದ್ವೆ ದಿಬ್ಬಣ ಹೋದಂಗೆ. ನಾಳಿಕೆ ಮಾತ್ರ ನನ್ನ ಕರೀಬ್ಯಾಡಿ, ಬಗ್ಗಿ ಬಗ್ಗಿ ಕುತ್ಗೆ ಹಿಡ್ಕಂಡ್ಬುಡ್ತು.”

ಮಾರನೆಯ ದಿನ ಬೆಳಿಗ್ಗೆ ಕೆಳಗಿನ ಪಟ್ಟಿಗೆ ಹೋಗಿ ನೋಡಿದೆ. ಮೊಗ್ಗಿನ ತುದಿ ಕೆಂಪಗಾಗಲು ಶುರುವಾಗಿತ್ತು. ಪಂಪು ಸಿದ್ಧವಾಗಿದೆ ಎಂದು ಫೋನೂ ಬಂತು. ನಾನು ಇವರನ್ನು ಕರೆಯಲಿಲ್ಲ. ಗಾಡಿಯನ್ನು ಅಂಗಳಕ್ಕೆ ತಂದು ಎಂಜಿನ್ ನಿಲ್ಲಿಸದೆ ಕೂತೆ. ನನ್ನ ಬಲಕ್ಕಿದ್ದ ಸೀಟು ಎಂಜಿನ್ನಿನ ನಡುಕಕ್ಕೆ ತಾನೂ ನಡುಗುತ್ತಿತ್ತು. ಇವರು ಜಗಲಿಯ ಮೇಲೆ ಪೇಪರ್ ಹಿಡಿದಿದ್ದರು. ಎಷ್ಟು ಹೊತ್ತಾದರೂ ಹಾಳೆ ಮಗುಚಲಿಲ್ಲ. ಕೊನೆಗೆ ಎದ್ದು, ಚಪ್ಪಲಿ ಮೆಟ್ಟಿ, ರೂಢಿಯಂತೆ ಸೀದಾ ಎಡಗಡೆಗೆ ಬಂದರು. ಅಲ್ಲಿ ನಾನು ಕೂತಿದ್ದೆ. ಒಂದು ಕ್ಷಣ ನಿಂತರು. ಆಮೇಲೆ ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಮುಂದಿನಿಂದ ಸುತ್ತಿ ಹೋಗಿ ಬಲಗಡೆ ಹತ್ತಿದರು. ನಾನು ಆ ಕಡೆ ನೋಡದೆ ಗೇರು ಹಾಕಿದೆ.

ಹೆದ್ದಾರಿಯಲ್ಲಿ ಮತ್ತೆ ಟ್ಯಾಂಕರು. ಅದರ ಹಿಂದೆಯೇ ಸಾಗಿದೆ. ಇವರು ಹೊರಗೆ ಬಾಗಿದರು, ಏನೂ ಅನ್ನಲಿಲ್ಲ. ಒಂದು ತಿರುವು ಹೋಯಿತು, ಎರಡು ಹೋಯಿತು. ಪಾಪ, ಕಾಣುತ್ತಿಲ್ಲ, ಹೇಳಿಕೊಳ್ಳಲಾರರು, ಯಾಕಾದರೂ ಈ ಹಟ ಹಿಡಿದೆನೋ ಎಂದುಕೊಂಡೆ. ಅಷ್ಟರಲ್ಲಿ, “ನಡೀಲಿ” ಎಂದರು. ನಾನು ಟ್ಯಾಂಕರಿನ ಹಿಂದೆಯೇ ಉಳಿದೆ.

“ನಡೀಲಿ ಅಂದೆ ಕಣೇ!”

ಕಣ್ಣು ಮುಚ್ಚಿಕೊಂಡೆ ಎನ್ನಲಾರೆ, ಆದರೆ ಹಾಗೆ ಮಾಡಿದ್ದರೂ ವ್ಯತ್ಯಾಸವಿರಲಿಲ್ಲ. ಗಾಡಿ ಬಲಕ್ಕೆ ಹೊರಳಿತು, ಟ್ಯಾಂಕರು ಪಕ್ಕಕ್ಕೆ ಬಂತು, ಹಿಂದಾಯಿತು. ಮುಂದೆ ರಸ್ತೆ ಉದ್ದಕ್ಕೆ ಖಾಲಿ ಬಿದ್ದಿತ್ತು.

“ಕಾಣ್ತಾ ನಿಮಗೆ?” ಎಂದು ಕೇಳಿದೆ.

“ನೇರ ಎಲ್ಲಾ ಕಾಣ್ತದೆ. ಅಗೋ ಆ ತಿರುವಿನ ಕಲ್ಲು ತನಕ. ಪಕ್ಕದಲ್ಲಿ ನೀನು ಇದೀಯೋ ಇಲ್ವೋ, ಅದೊಂದು ಕಾಣಕಿಲ್ಲ ಅಷ್ಟೆ.”

ಆ ಸೀಟಿನ ಕೆಲಸಕ್ಕೆ ಬೇಕಾದದ್ದು ಆ ನೇರ ನೋಟ ಮಾತ್ರ ಎಂಬುದು ಅಲ್ಲಿಯವರೆಗೂ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ನಾಲ್ಕು ಮಾರು ಹೋದ ಮೇಲೆ ಇವರೇ ಮತ್ತೆ ಬಾಯಿ ಬಿಟ್ಟರು. “ನೀನು ಖಾಲಿ ರಸ್ತೇಲೂ ಸುಮ್ನಿರ್ತಿದ್ದೆ. ನಂಗೆ ಗೊತ್ತಿತ್ತು.”

“ಹೇಗೆ?”

“ಹೇಗೇನು? ಎದ್ರಿಂದ ಒಂದು ಗಾಡೀನೂ ಬರ್ತಿರ್ಲಿಲ್ವಲ್ಲ. ಇಪ್ಪತ್ತೇಳು ವರ್ಷದಿಂದ ನೋಡ್ತಿದೀನಿ.”

“ಮತ್ತೆ ಒಂದಿನಾನೂ ಬೈಲಿಲ್ವಲ್ಲ?”

“ಭಯ ಆಗೋಳ ಹತ್ರ ಬಲವಂತವಾಗಿ ನಡೀಲಿ ಅನ್ನಿಸ್ಕೊಂಡು ನಾನು ಹೋಗೋದಾದ್ರೂ ಎಲ್ಲಿಗೆ ಮಾರಾಯ್ತಿ?”

ಪಂಪು ಮಧ್ಯಾಹ್ನದೊಳಗೆ ಹಳ್ಳಕ್ಕೆ ಬಂತು, ನೀರು ಹಾರಿತು. ಕೆಳಗಿನ ಪಟ್ಟಿಯಲ್ಲಿ ಎರಡು ಸಾಲು ಸುಟ್ಟುಹೋಯಿತು, ಉಳಿದದ್ದು ಅರಳಿತು. ಭಾನುವಾರ ಚಿಕ್ಕಮಗಳೂರಿನವರು ಬಂದರು. ಒಳ್ಳೆಯ ಮನುಷ್ಯ, ಗಾಡಿಯನ್ನು ದೇವರಿಗೆ ಪ್ರದಕ್ಷಿಣೆ ಬಂದಂತೆ ಸುತ್ತು ಬಂದರು. ಇವರು ಕಾಫಿ ಕೊಡಿಸಿ, “ಬೇಜಾರ್ ಮಾಡ್ಕೋಬೇಡಿ. ಇನ್ನೊಂದು ವರ್ಷ ನೋಡಾನ ಅಂತ” ಎಂದು ತಲೆ ಕೆರೆದುಕೊಂಡರು.

“ನಿಮಗೆ ಕಣ್ಣು ಸರಿಯಿಲ್ಲ ಅಂದಿದ್ರಿ. ಓಡಿಸೋರು ಯಾರು?”

“ಇಬ್ರೂ ಓಡುಸ್ತೀವಿ” ಎಂದರು ಇವರು.

ವರ್ಷ ಕಳೆಯಿತು. ಇಷ್ಟು ದಿನವೂ ಇವರು ಬಲಗಡೆಯ ಸೀಟಿನ ಮೇಲೆ ಗೋಣಿಚೀಲ ಮಡಿಸಿ ಹಾಕಿಕೊಂಡು ಕೂರುತ್ತಿದ್ದರು, ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ. ನಾನೂ ಅದರ ಸುದ್ದಿ ಎತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತ, “ಆ ಸೀಟು ನಿನ್ನ ಅಳತೆಗೆ ತಗ್ಗು ಬಿದ್ಬುಟ್ಟೈತೆ ಕಣೆ. ಬಿಚ್ಚಿ ಹೊಸದಾಗಿ ನಾರು ತುಂಬಿ ಹೊಲಿದುಕೊಡು, ನಂಗೆ ಸರಿಯಾಗಂಗೆ” ಎಂದರು. ಈಗ ಅದು ನನ್ನ ತೊಡೆಯ ಮೇಲಿದೆ. ಹಳೆಯದನ್ನೆಲ್ಲ ಕೊಡವಿ ತೆಗೆದು ಮುಕ್ಕಾಲು ತುಂಬಿಸಿದ್ದೇನೆ. ಸಂಜೆ ಇವರು ಬರಲಿ, ಒಂದು ಸಲ ಕೂರಿಸಿ ನೋಡಿ ಆಮೇಲೆ ಸೀಟಿನ ಬಾಯಿ ಹೊಲಿಯುತ್ತೇನೆ.