ಬೀಳದ ಏಟು
ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರಮ್ಮನ ಮುಂದೆ ಯಾರೂ ಸುಮ್ಮನೆ 'ಹೊಡೆದ' ಎಂದು ಹೇಳಿ ಪಾರಾಗುವಂತಿರಲಿಲ್ಲ. "ಅಂಗೈಲೋ, ಮುಷ್ಟಿಲೋ? ಊದಿದ್ಯೋ, ಮುರಿದಿದ್ಯೋ?" ಎಂದು ಜೀವ ಹಿಂಡುತ್ತಿದ್ದರು. ತರಚಿದರೆ ಸಾದಾ ಗಾಯ. ಮೂಳೆ ಮುರಿದರೆ, ಹಲ್ಲು ಉದುರಿದರೆ ತೀವ್ರ ಗಾಯ. ಅಲುಗಾಡುವ ಹಲ್ಲು ಹಿಡಿದು ಬಂದವನನ್ನು "ಬಿದ್ದ ಮೇಲೆ ಬಾರಪ್ಪ, ಕಲಂ ಬದಲಾಗತ್ತೆ" ಎಂದು ವಾಪಸ್ಸು ಕಳಿಸಿದ್ದರಂತೆ ಎಂದು ಠಾಣೆಯವರು ನಗುತ್ತಿದ್ದರು. ಆ ಮಧ್ಯಾಹ್ನ ಬಂದ ಬಟ್ಟೆ ಹೊಲಿಯುವ ಹೆಂಗಸಿನ ಮೈಮೇಲೆ ಒಂದು ಗೀರೂ ಇರಲಿಲ್ಲ. ಬೆನ್ನಿಗೇ ಬಂದ ಗಂಡ ಅವಳ ಹೆಗಲಿಗೆ ತಾಗುವಷ್ಟು ಹತ್ತಿರ ನಿಂತಿದ್ದ. "ಹೊಡೆದಿಲ್ಲ ಮೇಡಂ. ಹೊಡೆಯೋಕೆ ಕೈ ಎತ್ತುತ್ತಾರೆ, ಅಷ್ಟೇ," ಎಂದಳು. "ಗಾಯಾನೇ ಇಲ್ಲ, ದೂರೇನು ಬಂತು?" ಎಂದ ಗಂಡ. ರೈಟರಮ್ಮ ಕಪಾಟಿನ ಮೇಲಿದ್ದ ದೂರಿನ ಪುಸ್ತಕ ತೆಗೆಯಲು ಕೈ ಎತ್ತಿದರು. ಹೆಂಗಸು ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಕುಸಿದಳು. ಗಂಡ ನಕ್ಕ. "ಅವಳು ಹಾಗೇನೇ. ನಾನು ಕೈ ಎತ್ತಿದ್ರೂ ಹಿಂಗೇ ಆಡ್ತಾಳೆ." ರೈಟರಮ್ಮನ ಕೈ ಕಪಾಟಿನ ಬಳಿಯೇ ನಿಂತಿತು. ಅದನ್ನು ಬಹಳ ನಿಧಾನವಾಗಿ ಕೆಳಗಿಳಿಸಿದರು. "ಏಟು ಬೀಳತ್ತೆ ಅನ್ನೋ ಹಾಗೆ ಹೆದರಿಸಿದ್ರೂ ಹಲ್ಲೆ ಆಗತ್ತಪ್ಪ, ಬೀಳಲೇಬೇಕಂತಿಲ್ಲ. ನೀನು ಈಗ ಹೇಳಿದ್ದನ್ನೂ ಬರ್ಕೋತೀನಿ." ಅವನ ನಗು ಅಡಗಿತು; ಒಂದು ಹೆಜ್ಜೆ ಮುಂದೆ ಬಂದ. ರೈಟರಮ್ಮ ತಮ್ಮ ಕುರ್ಚಿಯನ್ನು ಎಳೆದು ಇಬ್ಬರ ನಡುವೆ ಹಾಕಿ, ಅವನಿಗೆ ಬೆನ್ನು ಕೊಟ್ಟು ಕೂತರು. "ಮೊದಲನೇ ಸಲದಿಂದ ಹೇಳು ತಂಗಿ," ಎಂದರು, "ಅವಸರ ಇಲ್ಲ."