ಮಾವ ಹೊತ್ತ ತಪ್ಪು

ಗೇರುಬೀಜದ ಕಾರ್ಖಾನೆ ಮುಚ್ಚಿದ ವರ್ಷ ನಾನು ಮಾವನ ಜೊತೆ ಕಲ್ಲಿನ ಕೆಲಸಕ್ಕೆ ಹೊರಟೆ. ಗಂಡನ ಅಪ್ಪ ಅವರು. ಸಿಮೆಂಟು, ಮಣ್ಣು ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿಯೇ ಗೋಡೆ ಕಟ್ಟುವವರು. ಬೈಂದೂರಿನ ಸುತ್ತ ಗುಡ್ಡ ಕಡಿದು ಮನೆ ಕಟ್ಟಿದವರು, ಹಿಂದೆ ಕಡಿದು ಬಿಟ್ಟ ಮಣ್ಣಿನ ಧರೆ ಜರಿಯಬಾರದೆಂದು ಅವರನ್ನೇ ಕರೆಸುತ್ತಿದ್ದರು.

ಎರಡು ತಿಂಗಳು ಬರೀ ಕಲ್ಲು ಹೊತ್ತೆ. ಆಮೇಲೊಂದು ದಿನ ಮಾವ ಬದಿಗೆ ಸರಿದು ಕೂತು, "ಈ ಸಾಲ್ ನೀ ಇಡ್, ಕಾಂಬ" ಎಂದರು. ನಾನಿಟ್ಟ ಕಲ್ಲನ್ನು ಕಾಲಿನಿಂದ ಒತ್ತಿ ನೋಡುವರು. ಅಲ್ಲಾಡಿದರೆ ಮಾತಿಲ್ಲದೆ ಕೆಳಗಿಳಿಸುವರು. ಒಂದೇ ಕಲ್ಲನ್ನು ಏಳು ಸಲ ಇಟ್ಟದ್ದೂ ಉಂಟು. ಕಲ್ಲಿನ ಉದ್ದ ಗುಡ್ಡದೊಳಕ್ಕೆ ಹೋಗಬೇಕು, ಕೆಳಗಿನ ಸಂದಿಯ ಮೇಲೆ ಮೇಲಿನ ಕಲ್ಲು ಕೂರಬೇಕು ಎಂಬುದೆಲ್ಲ ಕೈಗೆ ತಿಳಿಯುವಷ್ಟರಲ್ಲಿ ವರ್ಷವಾಯಿತು. ಬಾಯಲ್ಲಿ ಅವರು ಹೇಳಿಕೊಟ್ಟದ್ದು ಒಂದೇ: "ನೀರ್ ಹೋಪುಕೆ ಸಂದಿ ಬಿಡ್ಕ್, ಹೆಣೆ. ಇಲ್ದಿದ್ರೆ ಗ್ವಾಡಿ ನಿಲ್ಲುದಿಲ್ಲ."

ಯಡ್ತರೆಯಲ್ಲಿ ಒಬ್ಬ ಅಂಗಡಿಯವರ ಮನೆಯ ಹಿಂದೆ ದೊಡ್ಡ ಗೋಡೆಯ ಕೆಲಸ ಹಿಡಿದಿದ್ದೆವು. ಕೊನೆಯ ನಾಲ್ಕು ದಿನ ಮಾವನಿಗೆ ಜ್ವರ. ಉಳಿದ ಸಾಲುಗಳನ್ನು ನಾನೊಬ್ಬಳೇ ಮುಗಿಸಿದೆ. ಅಂಗಡಿಯವರು ಬಂದು ನೋಡಿ, "ಈ ಸಂದಿಯಂಗೆಲ್ಲ ಹಾವ್ ಸೇರ್ಕಂತ್ ಮಾರಾಯ್ತಿ. ಸಿಮೆಂಟ್ ಉಳ್ದದ್ದಿತ್ತ್, ಮೆತ್ತಿ ಬಿಡ್" ಎಂದರು. ಬೇಡ ಎನ್ನಬೇಕೆಂದು ನನಗೆ ಗೊತ್ತಿತ್ತು. ಆದರೆ ಮೊದಲ ಸಲ ಒಬ್ಬರು ನನ್ನನ್ನೇ ಮೇಸ್ತ್ರಿ ಎಂಬಂತೆ ಮಾತಾಡಿಸಿದ್ದರು. ಬುಡದಿಂದ ತುದಿಯವರೆಗೆ ಮೆತ್ತಿದೆ. ಗೋಡೆ ನುಣ್ಣಗೆ ಕಂಡಿತು. "ಈಗ ಚಂದ ಆಯ್ತ್ ಕಾಣ್" ಎಂದರು. ನನಗೂ ಚಂದವೇ ಕಂಡಿತು. ಮನೆಗೆ ಬಂದು ಮಾವನಿಗೆ ಹೇಳಲಿಲ್ಲ.

ಆ ಆಷಾಢದ ಮಳೆಗೆ ಹಿಂದೆ ನೀರು ಕಟ್ಟಿಕೊಂಡು, ಒಂದು ಬೆಳಿಗ್ಗೆ ಗೋಡೆ ಹೊಟ್ಟೆ ಬಿಟ್ಟು, ಬಚ್ಚಲಮನೆಯ ಮೇಲೆ ಮಲಗಿತು. ಅಂಗಡಿಯವರ ತಾಯಿ ಸ್ನಾನ ಮುಗಿಸಿ ಆಗಷ್ಟೇ ಹೊರಗೆ ಬಂದಿದ್ದರು.

ನಾವು ಹೋದಾಗ ಅಂಗಳದ ತುಂಬ ಜನ. ಮಾವ ಕೆಸರಿಗಿಳಿದು ಒಂದು ಕಲ್ಲು ತಿರುಗಿಸಿದರು. ಅಂಚಿಗೆ ಸಿಮೆಂಟು ಹಾಗೇ ಹಿಡಿದುಕೊಂಡಿತ್ತು. ನನ್ನ ಕಡೆ ಒಮ್ಮೆ ನೋಡಿದರು. ಅಂಗಡಿಯವರು ಬೇರೆಲ್ಲೋ ನೋಡುತ್ತಿದ್ದರು.

"ತಪ್ಪ್ ನಂದೇ," ಎಂದರು ಮಾವ, ಎಲ್ಲರಿಗೂ ಕೇಳುವಂತೆ. "ಬುಡ ಸಮ ಕೂರ್ಸ್ಲಿಲ್ಲ."

ನಾನು ಬಗ್ಗಿ, ಬಿದ್ದ ಕಲ್ಲುಗಳನ್ನು ಬದಿಗೆ ಎತ್ತಿಡತೊಡಗಿದೆ.

ಬರುವ ದಾರಿಯಲ್ಲಿ ಕೇಳಿದರು: "ಅವ್ರ್ ಮೆತ್ತುಕೆ ಹೇಳ್ದದ್ದಾ?"

"ಹೌದ್ ಮಾವ."

"ನೀ ಎಂತ ಹೇಳ್ದೆ?"

"ಎಂತದೂ ಹೇಳ್ಲಿಲ್ಲ."

ಮಾವ ಮತ್ತೆ ಆ ವಿಷಯ ಎತ್ತಲಿಲ್ಲ. ಗೋಡೆ ಮತ್ತೆ ಕಟ್ಟಿಕೊಡುತ್ತೇನೆ ಎಂದು ಹೇಳಿಕಳಿಸಿದರು. ಅಂಗಡಿಯವರು ಒಪ್ಪದೆ ಜೆಸಿಬಿ ತರಿಸಿ ಕಾಂಕ್ರೀಟು ಹಾಕಿಸಿದರು. ಮುದುಕನ ಕಣ್ಣು ಹೋಗಿದೆ ಎಂಬ ಮಾತು ಊರಲ್ಲಿ ಹಬ್ಬಿತು. ಕರೆಯುವವರು ಕಡಿಮೆಯಾದರು. ಮಾವ ಸುತ್ತಿಗೆಯನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಎರಡು ಮಳೆಗಾಲ ಚಾವಡಿಯಲ್ಲಿ ಸುಮ್ಮನೆ ಕೂತು ಕಳೆದರು. ದಿನವೂ ಅವರಿಗೆ ಗಂಜಿ ಬಡಿಸುತ್ತಿದ್ದೆ. ಇವತ್ತು ಊರಿಗೆ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಹೇಳಿದರೆ ನನ್ನನ್ನು ಯಾರು ಕರೆದಾರು ಎಂಬ ಹೆದರಿಕೆ. ಹಾಗೇ ಅವರು ಹೋದರು.

ಮಾವನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಅಂಗಡಿಗೆ ಹೋಗಿ ಹೇಳಿದೆ: "ನೀವ್ ಹೇಳ್ದ್ರಿ, ನಾ ಮೆತ್ತಿದೆ. ನಾಲ್ಕ್ ಜನರ ಎದ್ರ್ ಒಂದ್ ಮಾತ್ ಹೇಳಿ."

ಅವರು ಬೆಲ್ಲ ತೂಗುತ್ತಿದ್ದರು. "ಹೋದವ್ರ್ ಹೋದ್ರ್. ಈಗ ಅದೆಲ್ಲ ಎಂತಕ್ಕೆ, ಮಾರಾಯ್ತಿ?"

ನಾನೇ ಹೇಳತೊಡಗಿದೆ. ಕೇಳಿದವರು, ಮಾವನ ಮೇಲಿನ ಪ್ರೀತಿಗೆ ಸೊಸೆ ಹೀಗೆನ್ನುತ್ತಾಳೆ ಎಂದುಕೊಂಡರು. ಈಗ ಬ್ರಹ್ಮಾವರದ ಕಡೆಯಿಂದಲೂ ನನಗೆ ಕೆಲಸ ಬರುತ್ತದೆ. ಯಡ್ತರೆಯಲ್ಲಿ ಮಾತ್ರ ಬಿದ್ದ ಆ ಗೋಡೆಯನ್ನು ಇವತ್ತಿಗೂ ಮಾವನ ಹೆಸರಿನಲ್ಲೇ ಹೇಳುತ್ತಾರೆ.